ಹಣಿಗಿ ಓಣಿಯ ಹೆಚ್ಚುವರಿ

ಆ ವರದಿಯ ಮುಖಪುಟದಲ್ಲಿ ಮೂರನೆಯ ಹೆಸರು ನನ್ನದು. ಇಂದುಮತಿ ಬರಗಿ, ಹಿರಿಯ ಮೌಲ್ಯಮಾಪಕಿ. ನುಣುಪಾದ ಕಾಗದ, ಮೇಲೆ ಹಣಿಗಿ ಓಣಿಯ ಫೋಟೊ. ಕಪ್ಪು ಹಾಳೆ ಹೊದ್ದ ನೂರಾ ಹನ್ನೆರಡು ಮಾಳಿಗೆಗಳು ಬಿಸಿಲಿಗೆ ಮಿಂಚುತ್ತಿವೆ. ಓದಿದವರು ಫೋನ್ ಮಾಡಿ ಅಭಿನಂದಿಸುತ್ತಾರೆ, ನಾನು ಥ್ಯಾಂಕ್ಸ್ ಹೇಳಿ ಫೋನಿಡುತ್ತೇನೆ. ಅದರಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ನಿರ್ದೇಶಕರು, ಕಟಗೇರಿ ಸರ್, ಓದಿದರೆ ಓದಲಿ.

ತಾನು ಬಳಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ತಾನೇ ಹುಟ್ಟಿಸಿ, ಉಳಿದದ್ದನ್ನು ಹೊರಗೆ ಕೊಡುವ ಓಣಿ. ಇಂಥ ಓಣಿಗಳು ಎಷ್ಟು ಕಾಲ ಬಾಳುತ್ತವೆ, ಬೇರೆ ಊರುಗಳಿಗೂ ಇವನ್ನು ಹಬ್ಬಿಸಬಹುದೇ ಎಂದು ಎರಡು ವರ್ಷ ಅಳೆದು ಹೇಳುವುದು ನಮ್ಮ ಹೆಚ್ಚುವರಿ ಶಕ್ತಿ ಕೇಂದ್ರದ ಕೆಲಸವಾಗಿತ್ತು. ಹನ್ನೊಂದು ಓಣಿಗಳನ್ನು ಆರಿಸಿಕೊಂಡಿದ್ದೆವು. ಅವುಗಳಲ್ಲಿ ಘಟಪ್ರಭೆಯ ಆಚೆ ದಂಡೆಯ ನೇಕಾರರ ಊರಿನ ಹಣಿಗಿ ಓಣಿಯೂ ಒಂದು. ಅಲ್ಲಿ ಮನೆಗೆರಡು ವಿದ್ಯುತ್ ಮಗ್ಗ, ವರ್ಷದಲ್ಲಿ ಒಂಬತ್ತು ತಿಂಗಳು ಸುಡು ಬಿಸಿಲು. ನಮಗೆ ಬೇಕಾದದ್ದು ಆ ಬಿಸಿಲೇ. ಮಾಳಿಗೆಗಳ ಮೇಲೆ ಬಿಸಿಲಿನಿಂದ ವಿದ್ಯುತ್ ಹುಟ್ಟಿಸುವ ಹಾಳೆ ಹೊದಿಸಿ, ಓಣಿಯ ತುದಿಯಲ್ಲಿ ಒಂದು ಬ್ಯಾಟರಿ ಮನೆ ಕಟ್ಟಿದೆವು. ಹುಟ್ಟಿದ ವಿದ್ಯುತ್ತೆಲ್ಲ ಮೊದಲು ಅಲ್ಲಿಗೆ ಹೋಗಬೇಕು, ಅಲ್ಲಿಂದ ಪ್ರತಿ ಮನೆಗೆ ಅದರ ಪಾಲು, ಮಿಕ್ಕದ್ದು ಹೊರಗೆ.

ಆ ಓಣಿಯ ಮೂವತ್ತೊಂದನೆಯ ಮನೆ ನಮ್ಮ ಚಿಗವ್ವನದು. ಅವ್ವ ತೀರಿದ ಮೇಲೆ ನನ್ನನ್ನು ಸಾಕಿ ಓದಿಸಿದವಳು ಅವಳು, ಶಿವಗಂಗವ್ವ. ಅವಳ ಗಂಡ ಸಂಗನಬಸಪ್ಪ ಕಾಕಾ ನಲವತ್ತೈದು ವರ್ಷ ನೇಯ್ದು ನೇಯ್ದು ಹತ್ತಿಯ ಧೂಳನ್ನೆಲ್ಲ ಎದೆಯೊಳಗೆ ತುಂಬಿಕೊಂಡಿದ್ದರು. ಮೂರು ವರ್ಷದಿಂದ ಅವರ ಮಂಚದ ಪಕ್ಕ ಆಮ್ಲಜನಕದ ಯಂತ್ರವೊಂದು ಕೂತಿತ್ತು. ಗಾಳಿಯನ್ನು ಸೋಸಿ ಮೂಗಿನ ಕೊಳವೆಗೆ ಕೊಡುವ ಯಂತ್ರ. ಕರೆಂಟಿದ್ದರೆ ಅವರಿಗೆ ಉಸಿರು, ಕರೆಂಟು ಹೋದರೆ ಮೀನಿನ ಹಾಗೆ ಬಾಯಿ ಬಿಡುತ್ತಿದ್ದರು. ಓಣಿಗೆ ಬಿಸಿಲ ಹಾಳೆ ಬರುತ್ತದೆ ಎಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ. ಇನ್ನು ಕಾಕಾನ ಉಸಿರಿಗೆ ಯಾರ ಹಂಗೂ ಇಲ್ಲ ಎಂದುಕೊಂಡಿದ್ದೆ.

ನಮ್ಮ ಕಂಟ್ರೋಲ್ ರೂಮು ಅಲ್ಲಿಂದ ಮೂವತ್ತು ಕಿಲೋಮೀಟರ್ ದೂರದಲ್ಲಿತ್ತು. ಏಪ್ರಿಲ್ ತಿಂಗಳಲ್ಲೂ ನಾನು ಅಲ್ಲಿ ಶಾಲು ಹೊದ್ದು ಕೂರುತ್ತಿದ್ದೆ, ಅಷ್ಟು ತಂಪು. ಗೋಡೆಯ ಪರದೆಯ ಮೇಲೆ ಹನ್ನೊಂದು ಓಣಿಗಳ ಹನ್ನೊಂದು ಸಾಲು. ಎಷ್ಟು ಹುಟ್ಟಿತು, ಎಷ್ಟು ಹೊರಗೆ ಹೋಯಿತು ಎಂಬ ಎರಡು ಅಳತೆ ಎಲ್ಲರಿಗೂ ಗೊತ್ತಿದ್ದವೇ. ಮೂರನೆಯದನ್ನು ಸೇರಿಸಿದವಳು ನಾನು. ಜನ ಕತ್ತಲಲ್ಲಿ ಕೂತು ಉಳಿಸಿದ ಕರೆಂಟನ್ನು ಹೆಚ್ಚುವರಿ ಅಂತ ಕರೆಯುವುದು ಮೋಸ, ಅವರ ನೆಮ್ಮದಿಯನ್ನೂ ಅಳೆಯಬೇಕು ಎಂದು ಮೀಟಿಂಗಿನಲ್ಲಿ ಮೇಜು ಗುದ್ದಿ ವಾದ ಮಾಡಿದ್ದೆ. ಆ ದಿನ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ನೆಮ್ಮದಿ ಅಳೆಯಲು ಪ್ರತಿ ಮನೆಯ ಗೋಡೆಗೆ ಒಂದು ಮೀಟರ್ ಹಾಕಿದೆವು. ಅದು ಮನೆಯವರ ಮಾತು ಕೇಳಿಸಿಕೊಳ್ಳುತ್ತಿತ್ತು. ಓಣಿಯವರು ಅದಕ್ಕೆ ಕಿವಿಡಬ್ಬಿ ಎಂದು ಹೆಸರಿಟ್ಟರು. ಮನೆಯ ಗುಟ್ಟು ಹೊರಗೆ ಹೋಗಬಾರದೆಂದು ಅದು ವಾಕ್ಯಗಳನ್ನು ನಮಗೆ ಕಳಿಸುತ್ತಿರಲಿಲ್ಲ. ಯಾವ ಶಬ್ದ ಎಷ್ಟು ಸಲ ಬಂತು ಎಂಬುದನ್ನಷ್ಟೇ ಕಳಿಸುತ್ತಿತ್ತು. 'ಇಲ್ಲ', 'ಸಾಲದು', 'ಮುಗಿಯಿತು', 'ಆರಿತು' ಎಂಬಂಥ ಮಾತು ಬಂದರೆ ಆ ಮನೆಯ ನೆಮ್ಮದಿ ಇಳಿಯಬೇಕು, ಪಾಲು ಏರಬೇಕು. 'ಸಾಕು', 'ತುಂಬಿದೆ', 'ಹೆಚ್ಚಾಗಿದೆ', 'ದೊಡ್ಡದು ಮಾಡು' ಎಂದರೆ ಮನೆಯವರು ಧಾರಾಳವಾಗಿ ಬಳಸುತ್ತಿದ್ದಾರೆ ಎಂದರ್ಥ. ಅಂಥ ಮನೆಗೆ ಹದಿನೈದು ದಿನಕ್ಕೊಮ್ಮೆ ಪಾಲು ಸ್ವಲ್ಪ ತಗ್ಗಿಸಿ, ಆ ವಿದ್ಯುತ್ತನ್ನು ಬೇಕಾದವರಿಗೆ ಕಳಿಸಬಹುದು. ಅಕ್ಕಪಕ್ಕದವರೋ ಬಂದು ಹೋಗುವವರೋ ಸುಳ್ಳು ಹೇಳಿ ಕೆಡಿಸಬಾರದೆಂದು, ನೋಂದಾಯಿಸಿದ ಮನೆಯವರ ದನಿಗೆ ಮಾತ್ರ ಅದು ಕಿವಿಗೊಡುತ್ತಿತ್ತು. ಕನ್ನಡದ ಶಬ್ದಪಟ್ಟಿ ಮಾಡಿದವಳೂ ನಾನೇ. ನಿಘಂಟು, ಪತ್ರಿಕೆ, ರೇಡಿಯೋ ಎಲ್ಲ ಜಾಲಾಡಿ ನಾಲ್ಕು ತಿಂಗಳು ಕೂತು ಮಾಡಿದ್ದೆ.

ಮೊದಲ ವರ್ಷ ಕಳೆಯುವಷ್ಟರಲ್ಲಿ ಹಣಿಗಿ ಓಣಿ ಉಳಿದ ಹತ್ತನ್ನೂ ಹಿಂದೆ ಹಾಕಿತು. ತಿಂಗಳು ತಿಂಗಳೂ ಹೊರಗೆ ಹೋಗುವ ವಿದ್ಯುತ್ತು ಏರುತ್ತಿತ್ತು, ಅದರ ಜೊತೆಗೇ ನೆಮ್ಮದಿಯೂ ಏರುತ್ತಿತ್ತು. ಹೀಗಾಗುವುದು ಲೆಕ್ಕಕ್ಕೆ ವಿರುದ್ಧ. ಕೊಟ್ಟಷ್ಟೂ ಕೊಡುವವರಿಗೆ ಸ್ವಲ್ಪವಾದರೂ ಕಷ್ಟವಾಗಬೇಕು.

"ನೇಕಾರ ಮಂದಿ ನೋಡ್ರಿ ಇಂದುಮತಿ," ಎಂದರು ಕಟಗೇರಿ ಸರ್. "ಇದ್ದದ್ದರಾಗ ಸುಖಾ ಕಾಣೋ ಮಂದಿ. ಇದನ್ನ ನಾವು ಮಾದರಿ ಅಂತ ತೋರಸೋಣ."

ನನಗೂ ನಂಬಬೇಕೆನಿಸಿತು, ನಂಬಿದೆ. ಕೆಲಸದ ನೆಪದಲ್ಲಿ ಏಳು ತಿಂಗಳು ನಾನು ಚಿಗವ್ವನ ಮನೆ ಕಡೆ ಹಾಯ್ದಿರಲಿಲ್ಲ. ಫೋನಿನಲ್ಲಿ ಕೇಳಿದರೆ "ಎಲ್ಲಾರೂ ಆರಾಮ ಅದೀವವ್ವಾ" ಎನ್ನುತ್ತಿದ್ದಳು.

ಇಪ್ಪತ್ತೆರಡನೆಯ ತಿಂಗಳಿನ ಒಂದು ಬುಧವಾರ, ಮಟಮಟ ಮಧ್ಯಾಹ್ನ, ಕೊನೆಗೂ ಹೋದೆ. ಓಣಿಗೆ ಕಾಲಿಟ್ಟ ಕೂಡಲೇ ಏನೋ ಸರಿಯಿಲ್ಲ ಅನಿಸಿತು, ಏನೆಂದು ತಕ್ಷಣ ತಿಳಿಯಲಿಲ್ಲ. ಚಿಗವ್ವನ ಬಾಗಿಲಿಗೆ ಬಂದಾಗ ತಿಳಿಯಿತು. ಮಗ್ಗದ ಸದ್ದೇ ಇರಲಿಲ್ಲ. ನಾನು ಹುಟ್ಟಿದಾಗಿನಿಂದ ಆ ಓಣಿ ಹಗಲು ಹೊತ್ತಿನಲ್ಲಿ ಸುಮ್ಮನಿದ್ದದ್ದನ್ನು ಕಂಡವಳಲ್ಲ.

"ಬಾರವ್ವಾ ಇಂದೂ, ಹಾದಿ ತಪ್ಪಿ ಬಂದಿಯೇನ?" ಎಂದಳು ಚಿಗವ್ವ. ಒಳಗೆ ಕತ್ತಲು, ಕುಲುಮೆಯಂಥ ಧಗೆ. ಫ್ಯಾನು ನಿಂತಿತ್ತು. ಕಾಕಾ ಮಂಚದ ಮೇಲೆ ಮೂರು ದಿಂಬಿಗೆ ಒರಗಿ ಕೂತಿದ್ದರು, ಮೂಗಿನಲ್ಲಿ ಕೊಳವೆ. ಯಂತ್ರ ಸಣ್ಣಗೆ ಉಸ್ಸೆನ್ನುತ್ತಿತ್ತು.

"ಫ್ಯಾನ್ ಯಾಕ ಹಚ್ಚಿಲ್ಲ ಚಿಗವ್ವಾ?"

"ಫ್ಯಾನು, ದೀಪಾ ಎಲ್ಲಾ ದೊಡ್ಡದು ಮಾಡೇನಿ. ಇವರ ಮಷೀನಿಗಿ ಆದ್ರ ಸಾಕು."

ಕಾಕಾ ನಕ್ಕರು. ಅವರ ನಗೆಗೆ ಈಗ ಸದ್ದಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿದ್ದವು. "ನಿಮ್ಮ ಚಿಗವ್ವಗ... ನನ್ನ ಮ್ಯಾಲ... ಈಗ ಪ್ರೀತಿ ಬಂದೈತಿ ನೋಡ," ಎಂದು ತುಂಡು ತುಂಡಾಗಿ ಹೇಳಿದರು.

"ಸುಮ್ನ ಕುಂದರ್ರಿ, ಮಾತಾಡಿ ದಣೀಬ್ಯಾಡ್ರಿ," ಎಂದು ಗದರಿ ಚಿಗವ್ವ ಒಳಗೆ ಹೋಗಿ ಚಹಾ ತಂದಳು. ಲೋಟ ನನ್ನ ಕೈಗಿಡುತ್ತಾ, "ಸಕ್ಕರಿ ಹೆಚ್ಚಾಗೇತಿ, ಹಂಗ ಕುಡದಬಿಡವ್ವಾ" ಎಂದಳು.

ಕುಡಿದೆ. ಚಹಾ ಸಪ್ಪೆಯಾಗಿತ್ತು. ಅದರಲ್ಲಿ ಸಕ್ಕರೆಯ ಹರಳೊಂದೂ ಬಿದ್ದಿರಲಿಲ್ಲ. ಎರಡನೆಯ ಗುಟುಕಿಗೆ ಲೋಟ ಕೆಳಗಿಟ್ಟು ಗೋಡೆಯ ಕಿವಿಡಬ್ಬಿಯ ಕಡೆ ನೋಡಿದೆ.

ಮನೆಯಲ್ಲಿ ಅಕ್ಕಿ ತೀರಿದರೆ 'ಇಲ್ಲ' ಎನ್ನಬಾರದು, ಅದು ಅಪಶಕುನ, 'ಹೆಚ್ಚಾಗಿದೆ' ಎನ್ನಬೇಕು. ದೀಪ 'ಆರಿಸು' ಎನ್ನಬಾರದು, 'ದೊಡ್ಡದು ಮಾಡು' ಎನ್ನಬೇಕು. ಬಳೆ ಒಡೆದರೂ ಅವು ಹೆಚ್ಚಿದವು. ಇದನ್ನು ನನಗೆ ಯಾವ ನಿಘಂಟೂ ಹೇಳಿಕೊಡಬೇಕಾಗಿರಲಿಲ್ಲ. ಇದೇ ಅಡುಗೆಮನೆಯಲ್ಲಿ, ಇದೇ ಚಿಗವ್ವ, ಏಳು ವರ್ಷದ ನಾನು "ಎಣ್ಣಿ ಮುಗದೈತಿ" ಎಂದದ್ದಕ್ಕೆ ತಲೆಯ ಮೇಲೊಂದು ಮೊಟಕಿ ಕಲಿಸಿದ್ದಳು. ಶಾಲು ಹೊದ್ದು ತಂಪಿನಲ್ಲಿ ಕೂತು ಶಬ್ದಪಟ್ಟಿ ಮಾಡುವಾಗ ನನಗೆ ಪತ್ರಿಕೆಯ ಕನ್ನಡ ನೆನಪಿತ್ತು, ನನ್ನ ಮನೆಯ ಕನ್ನಡ ನೆನಪಾಗಲಿಲ್ಲ.

"ಚಿಗವ್ವಾ, ದಿನಾ ಕರೆಂಟ್ ಎಷ್ಟೊತ್ತು ಇರತೈತಿ?"

"ಮೊದಲ ಚಲೋ ಇತ್ತವ್ವಾ. ಈಗೀಗ ಹತ್ತರ ಮ್ಯಾಲ ಹೆಚ್ಚಾಗತೈತಿ. ಸಂಜೀಗಿ ಬರತೈತಿ."

ಹತ್ತರ ಮೇಲೆ. ಅಂದರೆ ಅವಳ ಮಾಳಿಗೆಯ ಮೇಲೆ ಬಿಸಿಲು ಕುದಿಯುವ ಹೊತ್ತಿಗೆ ಅವಳ ಮನೆಗೆ ಪಾಲು ತೀರುತ್ತಿತ್ತು. ಅವಳು ಕಿವಿಡಬ್ಬಿಯ ಮುಂದೆ 'ಹೆಚ್ಚಾಗೇತಿ' ಎನ್ನುವಳು. ಡಬ್ಬಿ ಅದನ್ನು ನೆಮ್ಮದಿ ಎಂದು ಗುರುತು ಹಾಕಿಕೊಳ್ಳುವುದು. ಮುಂದಿನ ಹದಿನೈದು ದಿನಕ್ಕೆ ಪಾಲು ಇನ್ನಷ್ಟು ತಗ್ಗುವುದು, ಅವಳು ಇನ್ನೂ ಹೆಚ್ಚು ಸಲ 'ಹೆಚ್ಚಾಗೇತಿ' ಎನ್ನುವಳು. ನೂರಾ ಹನ್ನೆರಡು ಮನೆಗಳಲ್ಲೂ ಇದೇ ಕಥೆ. ಆ ದಿನ ಬೆಳಗಿನಿಂದ ಫ್ಯಾನು, ದೀಪ ಎಲ್ಲ ಆರಿಸಿ ಉಳಿಸಿದ್ದರಿಂದ ಯಂತ್ರ ಇನ್ನೂ ನಡೆಯುತ್ತಿತ್ತು, ಅಷ್ಟೆ.

"ಮತ್ತ ಈ ಹೊತ್ತಿನಾಗ ಕಾಕಾಗ ಹೆಂಗ ಮಾಡತಿ?"

"ಬೀಸತೀನಿ," ಎಂದಳು ಚಿಗವ್ವ. ಮಂಚದ ಕೆಳಗೆ ನೂಲಿನ ಪೆಟ್ಟಿಗೆಯ ರಟ್ಟೊಂದಿತ್ತು. ಅದರ ಅಂಚು ಕೈ ಹಿಡಿದು ಹಿಡಿದು ಸವೆದಿತ್ತು.

ಕಾಯಿಲೆಯವರಿರುವ ಮನೆಗೆ ಬೇರೆ ಪಾಲು ಕೊಡುವ ನಿಯಮ ಇತ್ತಲ್ಲ ಎಂದು ಫೋನಿನಲ್ಲೇ ಹಳೆಯ ಅರ್ಜಿ ತೆಗೆದು ನೋಡಿದೆ. 'ಮನೆಯಲ್ಲಿ ಗಂಭೀರ ಕಾಯಿಲೆಯವರು ಇದ್ದಾರೆಯೇ' ಎಂಬ ಪ್ರಶ್ನೆಗೆ, ಅರ್ಜಿ ಬರೆದುಕೊಳ್ಳಲು ಬಂದವನು ಚಿಗವ್ವನ ಉತ್ತರವನ್ನು ಹಾಗೇ ಇಳಿಸಿದ್ದ. 'ಎಲ್ಲರೂ ಆರಾಮ.'

ಸಿಟ್ಟು ಬಂತು. ಅವಳ ಮೇಲೋ, ಬರೆದವನ ಮೇಲೋ, ನನ್ನ ಮೇಲೋ ಆಗ ಗೊತ್ತಾಗಲಿಲ್ಲ. ನೇರ ಕೇಂದ್ರಕ್ಕೆ ಬಂದು ಕಟಗೇರಿ ಸರ್ ಮುಂದೆ ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

"ಖರೆ ಅದ. ನಮ್ಮ ಅಜ್ಜೀನೂ ಹಂಗ ಅಂತಿದ್ಲು. ಉಪ್ಪು ತೀರಿದ್ರ ಹೆಚ್ಚಾಗ್ಯದ ಅಂತಿದ್ಲು."

"ಅಂದ್ರ ನಿಮಗೂ ಗೊತ್ತಿತ್ತಲ್ಲ ಸರ್?"

"ಗೊತ್ತಿತ್ತು. ಲಕ್ಷ್ಯಕ್ಕ ಬರಲಿಲ್ಲ. ನಿಮಗ ಬಂತೇನು?"

ಅವರೇ ಮುಂದುವರಿಸಿದರು. "ನೋಡ್ರಿ, ಶಬ್ದಪಟ್ಟಿ ಲಾಕ್ ಆಗ್ಯದ. ಈಗ ಒಂದು ಶಬ್ದ ಮುಟ್ಟಿದ್ರೂ ಹನ್ನೊಂದು ಓಣಿದು ಇಪ್ಪತ್ತೆರಡು ತಿಂಗಳಿನ ಅಳತಿ ಕಸಾ ಆಗ್ತದ. ಇನ್ನ ಎರಡು ತಿಂಗಳು. ಆಮ್ಯಾಲ ಸರಿ ಮಾಡೋಣಂತ."

"ನಮ್ಮ ಕಾಕಾ ಎರಡು ತಿಂಗಳು ತಡೀಬೇಕಲ್ಲ ಸರ್."

"ಕಾಯಿಲೆ ಅರ್ಜಿ ತಿದ್ದಿಸ್ರಿ. ಮುಂದಿನ ಪಾಳಿಗೆ, ಹದಿನೈದು ದಿನದಾಗ ಬರ್ತದ. ಅಷ್ಟೂ ತಡಿಯೂದಾಗೂದಿಲ್ಲ ಅಂದ್ರ ತುರ್ತು ನಿಯಮ ಅದನಲ್ಲ? ಕೊರತೀ ಮಾತನ್ನ ಮನಿಯವರು ಒಮ್ಮೆಗೇ ಮೂರು ಸಲ ಅಂದ್ರ ಬ್ಯಾಟರಿ ಮನಿ ತಾನ ಕೊಡ್ತದ. ನೀವ ಹಾಕ್ಸಿದ್ದು ಅದು. ಹೋಗಿ ಅನ್ನಸ್ರಿ."

ಹೊರಗೆ ಕೊಡುವ ವಿದ್ಯುತ್ತು ಎಲ್ಲಿಗೆ ಹೋಗುತ್ತಿದೆ ಎಂದು ಆ ಸಂಜೆ ಮೊದಲ ಸಲ ವಿವರವಾಗಿ ತೆಗೆದು ನೋಡಿದೆ. ಒಂದು ಸಾಲು ನಮ್ಮದೇ ಕಟ್ಟಡದ ಹೆಸರಿನಲ್ಲಿತ್ತು. ಶಾಲು ತೆಗೆದು ಬ್ಯಾಗಿಗೆ ತುರುಕಿದೆ.

ಮರುದಿನ ಎರಡು ಆಮ್ಲಜನಕದ ಸಿಲಿಂಡರ್ ಕಾರಿನಲ್ಲಿ ಹಾಕಿಕೊಂಡು ಹೋದೆ. ಕಾಕಾನನ್ನು ನನ್ನ ಮನೆಗೆ ಕರೆದೊಯ್ಯುತ್ತೇನೆ ಎಂದೆ. "ಮಗ್ಗ ಬಿಟ್ಟು... ನಾ ಎಲ್ಲಿಗೂ... ಬರಂಗಿಲ್ಲ" ಎಂದರು. ಸುಮ್ಮನೆ ನಿಂತ ಮಗ್ಗಕ್ಕೂ ಕಾವಲುಗಾರ ಬೇಕಂತೆ. ಹಾಗಾದರೆ ಇದಾದರೂ ಮಾಡು ಎಂದು ಚಿಗವ್ವನನ್ನು ಕಿವಿಡಬ್ಬಿಯ ಮುಂದೆ ನಿಲ್ಲಿಸಿದೆ.

"ಕರೆಂಟ್ ಇಲ್ಲ, ಮುಗೀತು, ಆರಿತು. ಇಷ್ಟ ಅನ್ನು ಚಿಗವ್ವಾ. ಮೂರ ಮಾತು. ತಕ್ಷಣ ಬರತೈತಿ."

ಚಿಗವ್ವ ನನ್ನನ್ನು ಅಪರಿಚಿತಳನ್ನು ನೋಡುವ ಹಾಗೆ ನೋಡಿದಳು. "ಏನಂದಿ? ಮನ್ಯಾಗ ಮನಷ್ಯಾ ಮಂಚಾ ಹಿಡದು ಮಲಗ್ಯಾನ. ಮುತ್ತೈದಿ ಹೆಣಮಗಳು ನಾನು. ನನ್ನ ಬಾಯಿಲೆ ಆರಿತು ಅನ್ನಸ್ತಿ?"

"ಅದು ಕರೆಂಟಿಗೆ ಅನ್ನೂದು, ಕಾಕಾಗಲ್ಲ."

"ಮಾತಿಗಿ ಕಣ್ಣು ಇರತಾವೇನ, ಇದು ಕರೆಂಟು ಇದು ಗಂಡ ಅಂತ ನೋಡಿ ಹೋಗಾಕ? ಗ್ವಾಡಿ ಮ್ಯಾಲಿನ ಡಬ್ಬಿ ನನ್ನ ಮಾತು ಕೇಳಿ ಕರೆಂಟ್ ಕೊಡತೈತಂತ! ಇಷ್ಟು ಕಲಿಸಿದ್ದು ಇದಕ್ಕೇನ ಹುಚ್ಚೀ?"

ಬೇಡಿದೆ, ಅತ್ತೆ, ಕಾಲು ಹಿಡಿದೆ. ಅವಳು ಜಗ್ಗಲಿಲ್ಲ. ಒಮ್ಮೆ ಬಾಯಿ ತೆರೆದಳು, "ಇ..." ಎಂದಳು, ಮಂಚದ ಕಡೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ತಗೋ... ನಾ ಅಂತೀನಿ," ಎಂದರು ಕಾಕಾ. ಅವರ ದನಿಯೂ ನೋಂದಣಿಯಾಗಿತ್ತು. ದಿಂಬಿನಿಂದ ಮುಂದೆ ಬಾಗಿ, "ಇಲ್ಲ... ಮುಗೀತು... ಆರಿತು" ಎಂದರು. ಅಷ್ಟಕ್ಕೇ ತುಟಿ ನೀಲಿಯಾಯಿತು. ಮನೆಯವರ ದನಿ ಗುರುತಿಸಿದರೆ ಹಸಿರಾಗಬೇಕಿದ್ದ ಡಬ್ಬಿಯ ದೀಪ ಕೆಂಪಗೇ ಉಳಿಯಿತು. ಎರಡು ವರ್ಷದ ಹಿಂದೆ ಕೊಟ್ಟ ದನಿಗೂ ಈ ದನಿಗೂ ಹೋಲಿಕೆಯೇ ಇರಲಿಲ್ಲ. ಯಂತ್ರದ ಮಟ್ಟಿಗೆ ಅವರು ಹೊರಗಿನವರು.

"ನೋಡಿದಿ? ಇವರು ಅಂದ್ರೂ ಕೇಳಲಿಲ್ಲ. ನಾ ಅಂದ್ರ ಕೇಳತೈತೇನ?" ಎಂದಳು ಚಿಗವ್ವ. ಅಲ್ಲಿಗೆ ಆ ಮಾತು ಮುಗಿಯಿತು. ನಾನು ಅರ್ಜಿ ತಿದ್ದಿಸಿ, ಸಿಲಿಂಡರ್ ತಿರುವುವುದನ್ನು ಅವಳಿಗೆ ತೋರಿಸಿ ಬಂದೆ. ಐದು ದಿನಕ್ಕೆ ಸಾಕಾಗಬಹುದು, ಮಂಗಳವಾರ ಬೇರೆ ತರುತ್ತೇನೆ ಎಂದು ಲೆಕ್ಕ ಹಾಕಿದ್ದೆ.

ಸೋಮವಾರ ಬೆಳಿಗ್ಗೆ ಕಂಟ್ರೋಲ್ ರೂಮಿನಲ್ಲಿ ಹೊರಗಿನಿಂದ ಬಂದ ಅತಿಥಿಗಳು ತುಂಬಿದ್ದರು. ಕಟಗೇರಿ ಸರ್ ಹಣಿಗಿ ಓಣಿಯ ಸಾಲನ್ನು ದೊಡ್ಡದಾಗಿ ತೋರಿಸುತ್ತಿದ್ದರು. ಹಿಂದಿನ ದಿನ ಓಣಿಯ ನೆಮ್ಮದಿ ನೂರಕ್ಕೆ ತೊಂಬತ್ತಾರು ಮುಟ್ಟಿತ್ತು. ಅತಿಥಿಗಳು ಚಪ್ಪಾಳೆ ತಟ್ಟಿದರು. ನಾನು ಮೂಲೆಗೆ ಹೋಗಿ ಚಿಗವ್ವನಿಗೆ ಫೋನ್ ಮಾಡಿದೆ.

"ಚಿಗವ್ವಾ, ಸಿಲಿಂಡರ್ ಹೆಂಗದಾವ?"

"ಎರಡೂ ಹೆಚ್ಚಾಗ್ಯಾವವ್ವಾ," ಎಂದಳು.

ಈ ಸಲ ನನಗೆ ಅರ್ಥವಾಯಿತು. ಆಂಬ್ಯುಲೆನ್ಸಿಗೆ ಫೋನ್ ಮಾಡಿ ಕಾರು ಹತ್ತಿದೆ. ಹೇಗೆ ಓಡಿಸಿದೆನೋ ಗೊತ್ತಿಲ್ಲ, ತಲುಪಿದಾಗ ಹನ್ನೊಂದೂವರೆ, ಆಂಬ್ಯುಲೆನ್ಸ್ ಇನ್ನೂ ಬಂದಿರಲಿಲ್ಲ. ಬಿಸಿಲಿಗೆ ಮಾಳಿಗೆಗಳ ಹಾಳೆಗಳು ಟಿಕ್ ಟಿಕ್ ಎನ್ನುತ್ತಿದ್ದವು. ಇಡೀ ದಿನದಲ್ಲಿ ಅತಿ ಹೆಚ್ಚು ವಿದ್ಯುತ್ ಹುಟ್ಟುವ ಹೊತ್ತು ಅದು.

ಒಳಗೆ ಯಂತ್ರ ನಿಂತಿತ್ತು. ಚಿಗವ್ವ ರಟ್ಟಿನಿಂದ ಬೀಸುತ್ತಿದ್ದಳು, ಮೈಯೆಲ್ಲ ಬೆವರು. ಕಾಕಾ ಬಾಯಿ ತೆರೆದು ಗಾಳಿ ಹಿಡಿಯಲು ಒದ್ದಾಡುತ್ತಿದ್ದರು. ಪ್ರತಿ ಉಸಿರಿಗೂ ಕೊರಳಿನ ಗುಂಡಿ ಒಳಗೆ ಎಳೆದುಕೊಳ್ಳುತ್ತಿತ್ತು. ನಾನು ಅವಳ ಭುಜ ಹಿಡಿದು ಅಲ್ಲಾಡಿಸಿದೆ.

"ಅನ್ನು ಚಿಗವ್ವಾ! ಈಗರ ಅನ್ನು!"

"ಅವರ ಮುಂದ ಹೆಂಗ ಅನ್ನಲೇ? ಕೇಳಸ್ತೈತಿ ಅವರಿಗೆ, ಕೇಳಸ್ತೈತಿ..." ಬೀಸುವ ಕೈ ನಿಲ್ಲಲಿಲ್ಲ.

ನಾನೇ ಡಬ್ಬಿಗೆ ಬಾಯಿ ಹಚ್ಚಿ ಕೂಗಿದೆ. ಇಲ್ಲ, ಇಲ್ಲ, ಮುಗೀತು, ಆರಿತು. ಗೋಡೆಗೆ ಗುದ್ದಿದೆ. ಕೆಂಪು ದೀಪ ನನ್ನನ್ನು ಗುರುತಿಸಲಿಲ್ಲ. ನಾನೇ ಬರೆದ ನಿಯಮ, ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

ಹಿಂದೆ ರಟ್ಟು ಬೀಸುವ ಸದ್ದು ನಿಂತಿತು.

ತಿರುಗಿ ನೋಡಿದಾಗ ಚಿಗವ್ವ ಕಾಕಾನ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು. ಆಮೇಲೆ ಅವರ ಬಾಯಿ ಮುಚ್ಚಿ, ಗಲ್ಲ ಒರೆಸಿ, ಪಂಚೆ ಸರಿ ಮಾಡಿ ಎದ್ದಳು. ಅಳಲಿಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ ಕಿವಿಡಬ್ಬಿಯ ಮುಂದೆ ನಿಂತಳು.

"ಇಲ್ಲ," ಎಂದಳು. ಕಂದೀಲು ಊದುವವಳ ಹಾಗೆ ಮುಖ ಹತ್ತಿರ ಒಯ್ದಳು. "ಮುಗೀತು. ಆರಿತು."

ಡಬ್ಬಿಯ ದೀಪ ಹಸಿರಾಯಿತು. ಒಂದು ನಿಮಿಷವೂ ಆಗಲಿಲ್ಲ. ತಲೆಯ ಮೇಲೆ ಫ್ಯಾನು ತಿರುಗಿತು, ಗೋಡೆಯ ಟ್ಯೂಬ್‌ಲೈಟು ಹೊತ್ತಿತು. ಮಂಚದ ಪಕ್ಕದ ಯಂತ್ರ ಒಮ್ಮೆ ಕೆಮ್ಮಿ ಉಸ್ಸೆಂದು ಶುರುವಾಯಿತು. ಕಾಕಾನ ಮೂಗಿನಲ್ಲಿ ಕೊಳವೆ ಇನ್ನೂ ಇತ್ತು. ಹಿತವಾದ ತಂಪು ಗಾಳಿ ಅದರಿಂದ ಬರುತ್ತಲೇ ಇತ್ತು.

ಚಿಗವ್ವ ಫ್ಯಾನನ್ನು ನೋಡಿದಳು, ದೀಪವನ್ನು ನೋಡಿದಳು, ಯಂತ್ರವನ್ನು ನೋಡಿದಳು. ಕೊನೆಗೆ ನನ್ನ ಕಡೆ ತಿರುಗಿದಳು.

"ಇಷ್ಟ ಅಂದಿದ್ರ ಖರೇನ ಕೊಡತಿತ್ತೇನ ಇದು, ಇಂದೂ?"

ನಾನು ಇಲ್ಲ ಎನ್ನಬೇಕಿತ್ತು. ಅವಳು ಬದುಕಿರುವಷ್ಟು ದಿನ ಆ ಒಂದು ಸುಳ್ಳು ಅವಳಿಗೆ ಬೇಕಾಗಿತ್ತು. ಆದರೆ ಆ ಮಾತು ನನ್ನ ಬಾಯಿಗೆ ಬರಲಿಲ್ಲ.

"ಹೂಂ ಚಿಗವ್ವಾ," ಎಂದೆ.